ಮುಹೂರ್ತ ಗೊತ್ತಾದೊಡನೆ ಬೀಜ ಬಿತ್ತಿರಿ

ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮನೆಯೊಳಗೆ ಒಂದು ಶುಭಕಾರ್ಯವು ನಿಶ್ಚಯವಾಯಿತೆಂದರೆ ಯಜಮಾನರು ಮೊತ್ತಮೊದಲು ಮಾಡುವ ಕೆಲಸವೇನು? ಜೋಯಿಸರ ಮನೆಯಿಂದ ಹಿಂತಿರುಗುವ ದಾರಿಯಲ್ಲಿಯೇ ಅಡಿಗೆಯ ಗುತ್ತಿಗೆದಾರರಿಗೆ ಮುಂಗಡ ಕೊಡುವುದು, ಇಲ್ಲವೆ ದಿನಸಿನ ಅಂಗಡಿಗೆ ಪಟ್ಟಿ ಕಳುಹಿಸುವುದು. ತೋಟದ ಕಡೆಗೆ ಒಂದು ಸುತ್ತು ಹೋಗಿ, ಆ ದಿನಕ್ಕೆ ಅಲ್ಲಿ ಏನು ಒದಗೀತು ಎಂದು ನೋಡುವವರು ಬಹು ವಿರಳ. ಕೃಷಿ ಇನ್ಸ್‌ಪೆಕ್ಟರನಿಗೆ ಅಡಿಗೆಯ ಗೊಡವೆ ಏಕೆಂದು ಓದುಗ ಮಹನೀಯರು ಕೇಳಬಹುದು. ಬೆಳೆಯು ಅಡಿಗೆಮನೆಯನ್ನು ಸೇರುವ ತನಕ ಬೇಸಾಯವು ಮುಗಿಯಲಿಲ್ಲವೆಂದು ನಂಬಿದವನು ನಾನು. ಆದುದರಿಂದ ಈ ಮಾತುಗಳನ್ನು ಬರೆಯುವ ಧೈರ್ಯ ಮಾಡಿರುತ್ತೇನೆ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಸುಳ್ಯ ಕಡೆಯ ಒಂದು ಮನೆಗೆ ತೋಟ ನೋಡಲು ಹೋಗಿದ್ದೆನು. ಅಡಿಕೆ ಮರಗಳಿಗೆ ಹಳದಿ ಎಲೆ ರೋಗವು ತಗುಲಿ ಫಸಲು ಅರ್ಧಕ್ಕಿಂತಲೂ ಕಡಮೆಯಾಗಿದ್ದಿತು. ಮಗಳ ಸೀಮಂತ ಕಳೆದು ಮೂರು ದಿನವಾಗಿದ್ದಿತು. ಯಜಮಾನರು ಜಗಲಿಯಲ್ಲಿ ಕುಳಿತು ರೋಗದ ಸಂಗತಿಯನ್ನು ಹೇಳುತ್ತ, ನಡುವೆ ಸೀಮಂತದ ಲೆಕ್ಕದ ಚೀಟಿಯನ್ನೂ ನನ್ನ ಕೈಗೆ ಕೊಟ್ಟರು. ಅರುವತ್ತು ಮಂದಿಯ ಊಟ. ಘಟ್ಟದ ಮೇಲಿನಿಂದ ಬಂದ ಕ್ಯಾರೆಟ್ಟು, ಬೀನ್ಸು, ಕೋಸು. ಪೇಟೆಯ ಮಿಠಾಯಿ ಎರಡು ಬಗೆ. ಬಾಳೆ ಎಲೆಯನ್ನೂ ಕ್ರಯ ಕೊಟ್ಟೇ ತಂದಿದ್ದರು. ಹಣಕ್ಕಾಗಿ ಬಳೆ ಅಡವಿಟ್ಟಿದ್ದರಂತೆ. ಅಂಗಳದ ತುದಿಯಲ್ಲಿ ಎರಡು ಹಲಸಿನ ಮರಗಳಿದ್ದವು; ಬಿದ್ದು ಒಡೆದ ಹಣ್ಣುಗಳ ಮೇಲೆ ನೊಣಗಳು ಮುತ್ತಿದ್ದವು. “ಹಲಸಿನ ಹಣ್ಣಿನದೇನಾದರೂ ಮಾಡಿಸಿದಿರೋ?” ಎಂದು ಕೇಳಿದೆನು. “ಬಂದವರಿಗೆ ಹಲಸು ಬಡಿಸುವುದುಂಟೇ ಸ್ವಾಮೀ? ಏನೆಂದಾರು?” ಎಂದರು.

ಹಳದಿ ಎಲೆ ರೋಗಕ್ಕೆ ನಾನು ಔಷಧ ಹೇಳಲಾರದೆ ಹಿಂತಿರುಗಿದೆನು. ಆದರೆ ‘ಏನೆಂದಾರು’ ಎಂಬ ಈ ಭಯಕ್ಕೆ ಔಷಧವಿದೆ. ಅದು ನಿಮ್ಮ ಕೈಯಲ್ಲಿದೆ. ಪಟೇಲಿಕೆಯು ಹೋಗಿ ಎಷ್ಟೋ ವರ್ಷಗಳಾದರೂ ‘ಪಟೇಲರ ಮನೆ’ ಎಂಬ ಹೆಸರು ನಮ್ಮ ಗ್ರಾಮಗಳಲ್ಲಿ ಉಳಿದಿದೆ. ಗುತ್ತಿನ ಮನೆಯಲ್ಲಿ, ಪಂಚಾಯತು ಅಧ್ಯಕ್ಷರ ಮನೆಯಲ್ಲಿ, ದೊಡ್ಡ ವರ್ಗದಾರರ ಮನೆಯಲ್ಲಿ ಏನು ಬಡಿಸಿದರೋ ಅದನ್ನೇ ಮುಂದಿನ ವರ್ಷ ಎರಡೆಕರೆಯವನು ಸಾಲ ಮಾಡಿಯಾದರೂ ಬಡಿಸುತ್ತಾನೆ. ನಿಮ್ಮ ಎಲೆಯ ತುದಿಯಲ್ಲಿ ಹಲಸಿನ ಗಟ್ಟಿಯೊಂದು ಕಾಣಿಸಿಕೊಂಡರೆ ಅವನ ಅಂಗಳದ ಹಣ್ಣು ಕೊಳೆಯದೆ ಉಳಿದೀತು.

ಸಾವಿರ ಮಂದಿಯ ಮದುವೆಯ ಮಾತನ್ನು ನಾನಿಲ್ಲಿ ಎತ್ತುವುದಿಲ್ಲ. ಅದಕ್ಕೆ ನುರಿತ ಅಡಿಗೆಯವರು ಬೇಕು. ಅವರೂ ನಮ್ಮ ಊರಿನವರೇ, ಅವರ ಜೀವನವೂ ಸಾಗಬೇಕಷ್ಟೆ. ನಾನು ಹೇಳುವುದು ಸೀಮಂತ, ತೊಟ್ಟಿಲು, ನಿಶ್ಚಿತಾರ್ಥ, ಹೊಸ ಅಕ್ಕಿ ಊಟ ಮುಂತಾದ ಐವತ್ತು ಅರುವತ್ತು ಮಂದಿಯ ಕಾರ್ಯಗಳನ್ನು ಕುರಿತು. 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಮದುವೆಗೂ ಐವತ್ತೇ ಮಂದಿಯೆಂಬ ಮಿತಿ ಬಂದಾಗ ಎಷ್ಟೋ ಮನೆಗಳಲ್ಲಿ ಮನೆಯವರೇ ಒಲೆ ಹೊತ್ತಿಸಿದರು. ಊಟವು ಕೆಟ್ಟಿತೆಂದು ಹೇಳಿದವರನ್ನು ನಾನು ಕಾಣೆ.

ಇನ್ನು ಬೇಸಾಯದ ಮಾತಿಗೆ ಬರುತ್ತೇನೆ. ಶುಭಕಾರ್ಯದ ದಿನವು ಎರಡು ಮೂರು ತಿಂಗಳು ಮೊದಲೇ ಗೊತ್ತಾಗುತ್ತದೆ. ಆ ದಿನದಿಂದ ಹಿಂದಕ್ಕೆ ಎಣಿಸಿ ಬೀಜ ಹಾಕತಕ್ಕದ್ದು. ಸಾಂಬಾರು ಸೌತೆಗೆ ಸುಮಾರು 75 ದಿನ, ಅಲಸಂಡೆಗೆ 55, ಬೆಂಡೆಗೆ 45ರಿಂದ 50, ಹರಿವೆಗೆ 25ರಿಂದ 30 ದಿನ ಬೇಕು. ಬಸಳೆಯ ಬಳ್ಳಿಯ ತುಂಡನ್ನು ಬಚ್ಚಲ ನೀರು ಹರಿಯುವಲ್ಲಿ ನೆಟ್ಟು ಚಪ್ಪರಕ್ಕೆ ಹಬ್ಬಿಸಿದರೆ ಎರಡು ತಿಂಗಳಿನೊಳಗೆ ಕೊಯ್ಯಲು ಬರುವುದು. ಸುವರ್ಣಗೆಡ್ಡೆಗೆ ಮಾತ್ರ ಎಂಟೊಂಬತ್ತು ತಿಂಗಳು ಬೇಕಾದುದರಿಂದ ಅದನ್ನು ಯಾವ ಕಾರ್ಯವನ್ನೂ ಕಾಯದೆ ವರ್ಷವೂ ನೆಡುತ್ತಿರಬೇಕು. ನಮ್ಮ ಹಿರಿಯರು ಗದ್ದೆಯ ಪೈರು ಕೊಯ್ದ ಬಳಿಕ ನವೆಂಬರ್, ದಶಂಬರಗಳಲ್ಲಿ ಅದೇ ಗದ್ದೆಯಲ್ಲಿ ಸೌತೆ, ಕುಂಬಳ, ಚೀನಿಕಾಯಿಗಳನ್ನು ಹಾಕುತ್ತಿದ್ದರು. ಫೆಬ್ರವರಿಯಿಂದ ಮೇ ವರೆಗಿನ ಮದುವೆಯ ಕಾಲಕ್ಕೂ, ಏಪ್ರಿಲ್ ತಿಂಗಳ ಪುತ್ತೂರು ಜಾತ್ರೆಗೆ ಬರುವ ನೆಂಟರಿಗೂ ಅದು ಸರಿಯಾಗಿ ಒದಗುತ್ತಿದ್ದಿತು. ಗದ್ದೆಯು ಅಡಿಕೆ ತೋಟವಾದ ಮೇಲೆ ಆ ಸಾಲು ತಪ್ಪಿಹೋಯಿತು. ಆದರೂ ಐದು ಸೆಂಟ್ಸು ಬಿಸಿಲು ಬೀಳುವ ನೆಲವಿಲ್ಲದ ಮನೆ ನಮ್ಮಲ್ಲಿ ಕಡಮೆ. ಸೌತೆಯ ವಿಶೇಷವೇನೆಂದರೆ, ಬಲಿತ ಕಾಯಿಗಳನ್ನು ಬಾಳೆಯ ನಾರಿನಿಂದ ಕಟ್ಟಿ ಅಟ್ಟದ ಅಡ್ಡೆಗೆ ತೂಗಹಾಕಿದರೆ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತವೆ; ಮುಹೂರ್ತವು ಹಿಂದುಮುಂದಾದರೂ ನಷ್ಟವಿಲ್ಲ.

ಮಳೆಗಾಲದ ಕಾರ್ಯಗಳಿಗೆ ಬೇರೆ ದಾರಿ. ಎಳೆಯ ಮುಳ್ಳುಸೌತೆ, ಹೀರೆ, ಹಾಗಲ, ಪಡವಲಗಳನ್ನು ಮೊದಲ ಮಳೆಗೆ ಹಾಕಿದರೆ ಚೌತಿಗೆ ಕಾಯಿ ಸಿಕ್ಕುವುದು. ಆಟಿಯಲ್ಲಿ ತರಕಾರಿಯಿಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ಮೇ ತಿಂಗಳಲ್ಲಿ ಬಲಿತ ಹಲಸಿನ ಸೊಳೆಯನ್ನು ಉಪ್ಪು ಬೆರಸಿ ಭರಣಿಯಲ್ಲಿ ಒತ್ತಿ ಭಾರವಿಟ್ಟಿದ್ದರೆ, ಬೇಕಾದ ದಿನದ ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ ಉಪ್ಪು ತೆಗೆದು ಪಲ್ಯ ಮಾಡಬಹುದು, ರೊಟ್ಟಿಯೂ ಆಗುವುದು. ಕೆಸುವಿನ ಎಲೆಯಂತೂ ಬೇಲಿಯ ಬದಿಯಲ್ಲಿ ತಾನಾಗಿ ಬರುತ್ತದೆ. ಪತ್ರೊಡೆಗೆ ಅದಕ್ಕಿಂತ ಬೇರೇನು ಬೇಕು?

ಅರುವತ್ತು ಮಂದಿಗೆ ಮನೆಯವರೇ ಮಾಡಬಹುದಾದ ಒಂದು ಊಟವನ್ನು ಸೂಚಿಸುತ್ತೇನೆ. ಅಕ್ಕಿ ಆರೇಳು ಕಿಲೋ, ಐದಾರು ದೊಡ್ಡ ಸೌತೆಕಾಯಿಗಳ ಹುಳಿ, ಅಲಸಂಡೆ ಪಲ್ಯ, ಹಾಗಲಕಾಯಿ ಅಥವಾ ಅನನಾಸಿನ ಮೆಣಸ್ಕಾಯಿ, ಒಂದೆಲಗದ ತಂಬುಳಿ, ಸಾರು, ಮಜ್ಜಿಗೆ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಸಿಹಿಗೆ ಬಾಳೆಹಣ್ಣಿನ ರಸಾಯನವೊಂದೇ ಸಾಕು. ಎಂಟು ತೆಂಗಿನಕಾಯಿಯ ಹಾಲು, ಎಪ್ಪತ್ತು ಕದಳಿ ಹಣ್ಣು, ಒಂದೂವರೆ ಕಿಲೋ ಬೆಲ್ಲ, ಏಲಕ್ಕಿ, ಹುರಿದ ಎಳ್ಳು ಸ್ವಲ್ಪ, ಒಲೆಯೇ ಬೇಡ. ಕಾಯಿಹಾಲು ಬೇಗ ಹುಳಿಯುವುದರಿಂದ ಬಡಿಸುವುದಕ್ಕೆ ಒಂದು ಗಂಟೆಗಿಂತ ಮೊದಲು ಬೆರಸಕೂಡದು. ಹಲಸಿನ ಕಾಲವಾದರೆ ಗಟ್ಟಿ: ಬೀಜ ತೆಗೆದು ಕೊಚ್ಚಿದ ಸೊಳೆ ಎರಡು ಪಾಲು, ನೆನೆಸಿದ ಬೆಳ್ತಿಗೆ ಅಕ್ಕಿ ಒಂದು ಪಾಲು, ಬೆಲ್ಲ, ತೆಂಗಿನ ತುರಿ, ಚಿಟಿಕೆ ಉಪ್ಪು, ನೀರು ಸೇರಿಸದೆ ತರಿಯಾಗಿ ರುಬ್ಬಿ, ಬಾಡಿಸಿದ ಬಾಳೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಮುಕ್ಕಾಲು ಗಂಟೆ ಬೇಯಿಸುವುದು. ತೇಗದ ಎಲೆಯಲ್ಲಿ ಮಡಚಿದರೆ ಕೆಂಪು ಬಣ್ಣ ಬಂದು ನೋಡಲು ಬಹು ಸೊಗಸು. ಹಿಂದಿನ ಸಂಜೆಯೇ ಮಾಡಿಟ್ಟುಕೊಳ್ಳಬಹುದು. ಮಾಂಸಾಹಾರದ ಮನೆಗಳಲ್ಲಿ ಕೋಳಿ, ರೊಟ್ಟಿ, ನೀರುದೋಸೆಗಳಿಲ್ಲದೆ ಸಂಭ್ರಮವಿಲ್ಲವೆಂದು ಬಲ್ಲೆನು. ಊರ ಕೋಳಿಯ ಮರಿಗಳನ್ನು ಆರು ತಿಂಗಳು ಮೊದಲೇ ಸಾಕತೊಡಗಿದರೆ ಅದಕ್ಕೂ ಪೇಟೆಯ ಹಂಗಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಮನೆಯ ಅಡಿಗೆಯೆಂದರೆ ಗೃಹಿಣಿಯೊಬ್ಬಳ ಬೆನ್ನು ಮುರಿಯುವುದೆಂದು ಅರ್ಥವಾಗುವುದಾದರೆ ಅಂಥ ಅಡಿಗೆಯು ಆಗದಿರುವುದೇ ಲೇಸು. ಹಿಂದೆ ಕಾರ್ಯದ ಮುನ್ನಾದಿನ ಸಂಜೆ ನೆರೆಕರೆಯ ಗಂಡಸರು ಮೆಟ್ಟುಕತ್ತಿಯೊಡನೆ ಬಂದು, ಚಾಪೆ ಹಾಸಿ ಕುಳಿತು, ಮಾತನಾಡುತ್ತ ತರಕಾರಿ ಹೆಚ್ಚಿ ಮುಗಿಸುತ್ತಿದ್ದರು. ಕೆಲವು ಗ್ರಾಮಗಳಲ್ಲಿ ಇಂದಿಗೂ ಇದು ನಡೆಯುತ್ತಿದೆ. ನಡೆಯದಿರುವಲ್ಲಿ ಯಜಮಾನರು ತಾವೇ ಕರೆಯಬೇಕು; ತಾವೂ ಕತ್ತಿಯ ಮುಂದೆ ಕುಳಿತುಕೊಳ್ಳಬೇಕು. ತೆಂಗಿನಕಾಯಿ ತುರಿಯುವುದೇನೂ ಮರ್ಯಾದೆಗೆ ಕುಂದಲ್ಲ.

ಅಲಂಕಾರದ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಮಾವಿನ ತೋರಣ, ಕೇಪಳದ ಹೂ, ಅಬ್ಬಲ್ಲಿಗೆ, ಹೆಣೆದ ಮಡಲು ಇಷ್ಟಿದ್ದರೆ ಅಂಗಳವು ಶೋಭಿಸುತ್ತದೆ. ತೆಂಗಿನ ಎಳೆಗರಿಯನ್ನು ಮಾತ್ರ ಫಲ ಕೊಡುವ ಮರದ ಸುಳಿಯಿಂದ ಕೀಳಬೇಡಿರಿ; ಹಿಂಗಾರವೊಂದು ಕೊಯ್ದರೆ ಅಡಿಕೆಯ ಗೊನೆಯೊಂದು ಹೋದಂತೆಂಬುದನ್ನೂ ನೆನಪಿಡಿರಿ. ಪ್ಲಾಸ್ಟಿಕ್ಕಿನ ತಟ್ಟೆ, ಲೋಟಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲಿಯೇ ನಿಷೇಧಿಸಲಾಗಿದೆ. 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧವಾಗಿದೆ. ಆದರೂ ಊಟದ ಮರುದಿನ ತೋಡಿನ ಬದಿಯಲ್ಲಿ ಅವನ್ನು ಕಾಣುತ್ತಿದ್ದೇನೆ. ಮಳೆ ಬಂದರೆ ಅವು ನಿಮ್ಮ ತೋಟದ ಬಸಿಗಾಲುವೆಯನ್ನೇ ಕಟ್ಟುತ್ತವೆ.

ಹಲಸು ಬಾಳೆಗಳ ಪರವಾಗಿ ನಾನೇನೂ ಹೊಸದನ್ನು ಹೇಳುತ್ತಿಲ್ಲ. ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ಯೂ ಅದರ ಸಂಪಾದಕ ಶ್ರೀ ಪಡ್ರೆಯವರೂ ಬಹು ಕಾಲದಿಂದ ಹೇಳುತ್ತಿದ್ದಾರೆ; 2021ರಲ್ಲಿ ಬಾಳೆಕಾಯಿಯ ಹುಡಿ ಮಾಡುವ ಉತ್ಸಾಹವು ಮನೆಮನೆಗೂ ಹರಡಿತು. ಆದರೆ ಹುಡಿ ಮಾಡಿದ ಮನೆಯವರೂ ನೆಂಟರು ಬರುವ ದಿನ ಮೈದಾದ ತಿಂಡಿಯನ್ನೇ ಪೇಟೆಯಿಂದ ತರಿಸುವುದನ್ನು ನೋಡಿ ನನಗೆ ಸೋಜಿಗವೆನಿಸಿದೆ.

ಮೇಲೆ ಹೇಳಿದ ಸುಳ್ಯದ ಮನೆಯಲ್ಲಿ ಆ ಮಗುವಿನ ತೊಟ್ಟಿಲ ಕಾರ್ಯಕ್ಕೆ ಮೂರು ತಿಂಗಳು ಮೊದಲೇ ನಾನು ಬೀಜ ಹುಡುಕಲು ಹೇಳಿದ್ದೆನು. ಸೌತೆಯ ಬೀಜವು ನೆರೆಮನೆಯ ಅಜ್ಜಿಯೊಬ್ಬರಲ್ಲಿ ಸಿಕ್ಕಿತು; ಬೂದಿ ಬೆರಸಿ ಗೋಡೆಗೆ ಮೆತ್ತಿಟ್ಟಿದ್ದರು. ಬೆಂಡೆಗೆ ಹಳದಿ ನಂಜು ರೋಗ ಬಂದು ಅದನ್ನು ಪೇಟೆಯಿಂದಲೇ ತರಬೇಕಾಯಿತು. ಸೌತೆ ಮಾತ್ರ ಇಪ್ಪತ್ತೆರಡು ಕಾಯಿ ಆಗಿದ್ದಿತು. ಊಟಕ್ಕೆ ಆರು ಸಾಲದೆ ಏಳನೆಯದನ್ನು ಇಳಿಸುವಾಗ ಯಜಮಾನರು ಅತ್ಯಂತ ದೊಡ್ಡದೊಂದನ್ನು ಬೀಜಕ್ಕೆಂದು ಅಟ್ಟದಲ್ಲಿಯೇ ಬಿಟ್ಟರು.