ಅಂತಃಪುರದ ಗೋಡೆ ಯಾರ ಗೌರವಕ್ಕಾಗಿ?



"ನಮ್ಮ ಅರಸರು ಹೆಣ್ಣುಮಕ್ಕಳನ್ನು ಅಂತಃಪುರದಲ್ಲಿಟ್ಟು ಗೌರವದಿಂದ ಕಾಪಾಡಿದರು, ಅದೇ ನಮ್ಮ ಸಂಸ್ಕೃತಿ" ಎಂಬ ಮಾತು ವೇದಿಕೆಗಳ ಮೇಲೆ ಆಗಾಗ ಕೇಳಿಬರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಸದ್ಭಕ್ತರು ಇದಕ್ಕೆ ತಲೆದೂಗುವ ಮೊದಲು ತಮ್ಮ ಸುತ್ತಲಿನ ಚರಿತ್ರೆಯನ್ನು ಒಮ್ಮೆ ಅವಲೋಕಿಸಬೇಕು.

ನಮ್ಮ ಸೀಮೆಗೆ ಸಮೀಪದ ಕಲ್ಯಾಣದಿಂದ ಆಳಿದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಅರಸನ 20 ಉಪಭೋಗಗಳ ವರ್ಣನೆಯಿದೆ. ಸ್ನಾನ, ತಾಂಬೂಲ, ಛತ್ರ, ಶಯ್ಯೆಗಳ ಸಾಲಿನಲ್ಲಿಯೇ ಸ್ತ್ರೀಯೂ ಒಂದು ಉಪಭೋಗ! ಭೋಗವಸ್ತುಗಳ ಪಟ್ಟಿಯಲ್ಲಿ ಸೇರಿದವಳಿಗೆ ದೊರೆತದ್ದು ಯಾವ ಗೌರವ?

"ಜನಾನಾ ಸುಲ್ತಾನರ ಪದ್ಧತಿ, ನಮ್ಮದಲ್ಲ" ಎಂದು ಕೆಲವರು ನುಣುಚಿಕೊಳ್ಳುವರು. ಕಲಬುರಗಿ–ಜೇವರ್ಗಿ ದಾರಿಯ ಸಮೀಪ, ಭೀಮಾ ನದಿಯ ದಂಡೆಯಲ್ಲಿ ಫಿರೋಜಶಹಾ ಬಹಮನಿಯು (1397–1422) ಫಿರೋಜಾಬಾದವನ್ನು ಕಟ್ಟಿಸಿದನು. ಅಲ್ಲಿ ನಾನಾ ದೇಶಗಳ ಸ್ತ್ರೀಯರನ್ನು ಇರಿಸಿದ್ದನೆಂದೂ ಅವರವರ ಭಾಷೆಯ ದಾಸಿಯರನ್ನೇ ನೇಮಿಸಿದ್ದನೆಂದೂ ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ನಿಜ. ಆದರೆ ಅದೇ ಫೆರಿಸ್ತಾ ವಿಜಯನಗರದ ದೇವರಾಯನ ಸಂಗತಿಯನ್ನೂ ಹೇಳಿದ್ದಾನೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವಿಗೆ ಮರುಳಾದ ಅರಸನು ಅವಳಿಗೆ ರತ್ನದ ಹಾರ ಕಳುಹಿಸಿದನು. ಆಕೆ ಒಪ್ಪಲಿಲ್ಲ. ಆ ರಾಣಿವಾಸವನ್ನು ಹೊಕ್ಕವರು ಮರಳಿ ತಂದೆತಾಯಿಗಳ ಮುಖ ಕಾಣುವಂತಿಲ್ಲ ಎಂಬುದೇ ಅವಳು ಕೊಟ್ಟ ಕಾರಣ. ಈ ನಿಮಿತ್ತವಾಗಿ 1406ರ ಸುಮಾರಿಗೆ ಯುದ್ಧವಾಯಿತು. ಸೋತ ದೇವರಾಯನು ತನ್ನ ಮಗಳನ್ನೇ ಫಿರೋಜನಿಗೆ ಕೊಟ್ಟು ಸಂಧಿ ಮಾಡಿಕೊಂಡನೆನ್ನುತ್ತಾನೆ ಫೆರಿಸ್ತಾ. ಎರಡೂ ರಾಜ್ಯಗಳ ಗೋಡೆಗೆ ಮತಭೇದವಿರಲಿಲ್ಲ. ಎರಡರೊಳಗೂ ಹೆಣ್ಣು ಅರಸನ ಸೊತ್ತು.

ಅರಸುಮನೆತನದ ಸ್ತ್ರೀಯರಿಗೆ ಅಧಿಕಾರವಿರಲಿಲ್ಲವೇ ಎಂದು ಕೇಳಬಹುದು. ಇತ್ತು. 11ನೆಯ ಶತಮಾನದಲ್ಲಿ ಚಾಳುಕ್ಯರ ಅಕ್ಕಾದೇವಿಯು ಕಿಸುಕಾಡು ನಾಡನ್ನು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಆದರೆ ಆ ಕೀರ್ತಿ ಅವಳಿಗೆ ಬಂದದ್ದು ಗೋಡೆಯ ಹೊರಗೆ, ಒಳಗಲ್ಲ.

ಅಕ್ಕಮಹಾದೇವಿಯ ಚರಿತ್ರೆಯೂ ಇದನ್ನೇ ಸಾರುತ್ತದೆ. ಕೌಶಿಕನೊಡನೆ ಅವಳ ವಿವಾಹವಾಯಿತೋ ಇಲ್ಲವೋ ಎಂಬಲ್ಲಿ ಕವಿಗಳಲ್ಲಿ ಭೇದವುಂಟು. ಅವಳು ಅರಮನೆಯನ್ನು ತೊರೆದಳೆಂಬುದರಲ್ಲಿ ಭೇದವಿಲ್ಲ. ಕಲ್ಯಾಣದ ಶರಣರು ಅವಳನ್ನು ಗೌರವಿಸಿದ್ದು ಅನುಭಾವದ ಮಾತಿನಿಂದ, ಕಾವಲಿನಿಂದಲ್ಲ.

ಇಂದು ಅರಮನೆಗಳು ಹಾಳುಬಿದ್ದಿವೆ. ಆದರೆ ಹತ್ತನೆಯ ತರಗತಿ ಮುಗಿದೊಡನೆ "ಸಾಕು, ಮರ್ಯಾದೆಯ ಪ್ರಶ್ನೆ" ಎಂದು ಮಗಳನ್ನು ಮನೆಯಲ್ಲಿ ಕೂಡಿಸುವ ತಂದೆಯು ಅಂತಃಪುರವನ್ನು ಹೊಸದಾಗಿ ಕಟ್ಟುತ್ತಿದ್ದಾನೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕನ ಹೆಸರನ್ನಿಟ್ಟೆವು, ಸಂತೋಷ. ಆ ಬಾಗಿಲವರೆಗೆ ಮಗಳನ್ನು ಕಳುಹಿಸದೆ ಅಕ್ಕನ ಜಯಂತಿಯಲ್ಲಿ ಹೂವು ಏರಿಸಿದರೆ ಅದು ಯಾವ ಭಕ್ತಿ? ಸದ್ಭಕ್ತರು ವಿಚಾರ ಮಾಡಬೇಕು.