ತನ್ನೂರಲ್ಲಿ ಕೆಲಸವಿಲ್ಲದವನು, ಪರವೂರಲ್ಲಿ ಹಕ್ಕಿಲ್ಲದವನು

“ಸ್ಥಳೀಯರು ಕೆಲಸಕ್ಕೆ ಸಿಗುವುದಿಲ್ಲ, ಸಿಕ್ಕರೂ ಮೈ ಬಗ್ಗಿಸುವುದಿಲ್ಲ. ಹೊರಗಿನವರನ್ನು ಕರೆತರದೆ ವಿಧಿಯಿಲ್ಲ.” ತೋಟದ ಮಾಲಕರಿಂದ ಹಿಡಿದು ಕಟ್ಟಡದ ಗುತ್ತಿಗೆದಾರರವರೆಗೆ ಎಲ್ಲರ ಬಾಯಲ್ಲೂ ಈ ಮಾತಿದೆ. ನಮ್ಮ ಸಮುದಾಯದ ಉದ್ಯಮಿಗಳೂ ಇದನ್ನೇ ಆಡುತ್ತಾರೆ. ಪದೇ ಪದೇ ಕೇಳಿದ ಮಾತು ಕ್ರಮೇಣ ಪ್ರಕೃತಿ ನಿಯಮದಂತೆ ತೋರತೊಡಗುತ್ತದೆ. ಆದರೆ ಇದನ್ನು ದಶಕಗಳ ಕಾಲ ಹಳ್ಳಿಗಳಲ್ಲಿ ಅಲೆದು ಪರೀಕ್ಷಿಸಿದ ವಿದ್ವಾಂಸರೊಬ್ಬರಿದ್ದಾರೆ. ಅವರು ಕಂಡ ಸತ್ಯ ಬೇರೆಯೇ ಆಗಿದೆ.

ನೆದರ್‌ಲ್ಯಾಂಡ್ಸ್‌ನ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1960ರ ದಶಕದ ಆರಂಭದಲ್ಲಿ ದಕ್ಷಿಣ ಗುಜರಾತಿನ ಹಳ್ಳಿಗಳಿಗೆ ಬಂದರು. ಅವರ ಆಸಕ್ತಿಯಿದ್ದುದು ಭೂಮಾಲಕರಾದ ಅನಾವಿಲ್ ಬ್ರಾಹ್ಮಣರು ಮತ್ತು ಅವರ ಹೊಲಗಳಲ್ಲಿ ದುಡಿಯುವ ದುಬ್ಲಾ ಆದಿವಾಸಿಗಳ ನಡುವಿನ ಸಂಬಂಧದಲ್ಲಿ. ಮದುವೆಗೆಂದು ಒಡೆಯನಿಂದ ಸಾಲ ಪಡೆದ ದುಬ್ಲಾ ಯುವಕ ಬಹುತೇಕ ಜೀವಮಾನವಿಡೀ ಆ ಒಡೆಯನ ಹೊಲಕ್ಕೆ ಬಂಧಿತನಾಗುತ್ತಿದ್ದ, ಅವನ ಹೆಂಡತಿ ಒಡೆಯನ ಮನೆಗೆಲಸಕ್ಕೆ ಬರುತ್ತಿದ್ದಳು. ಇದಕ್ಕೆ ಹಾಲಿ ಪದ್ಧತಿಯೆಂದು ಹೆಸರು. ಪ್ರತಿಯಾಗಿ ಕೆಲಸವಿಲ್ಲದ ತಿಂಗಳುಗಳಲ್ಲಿ ಹೊಟ್ಟೆಗೆ ಕಾಳು ಸಿಗುತ್ತಿತ್ತು. ಬ್ರೆಮನ್ ಬರುವಷ್ಟರಲ್ಲಿ ಒಡೆಯನ ಆಶ್ರಯ ಕಳಚಿಬಿದ್ದಿತ್ತು, ಬಡತನ ಮಾತ್ರ ಹಾಗೆಯೇ ಉಳಿದಿತ್ತು. ಅವರನ್ನು ‘ಹಳಪತಿ’ ಅಂದರೆ ನೇಗಿಲಿನ ಒಡೆಯರು ಎಂದು ಗೌರವದ ಹೆಸರಿನಿಂದ ಕರೆಯತೊಡಗಿದ್ದರು. ನೇಗಿಲು ಹೂಡಲು ಒಂದು ತುಂಡು ಭೂಮಿಯನ್ನು ಕೊಟ್ಟವರು ಯಾರೂ ಇರಲಿಲ್ಲ.

ಇದೇ ಪ್ರದೇಶದಲ್ಲಿ ಬಾರ್ಡೋಲಿಯಿದೆ. 1928ರಲ್ಲಿ ವಲ್ಲಭಭಾಯಿ ಪಟೇಲರ ನಾಯಕತ್ವದಲ್ಲಿ ನಡೆದ ಕರ ನಿರಾಕರಣೆಯ ಸತ್ಯಾಗ್ರಹವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಕರ ಕಟ್ಟಲು ಭೂಮಿಯೇ ಇಲ್ಲದ ದುಬ್ಲಾಗಳು ಆ ಪಾಠದಲ್ಲಿ ಕಾಣಿಸುವುದಿಲ್ಲ. ಸ್ವಾತಂತ್ರ್ಯಾನಂತರ ನೀರಾವರಿ ಬಂತು, ಭತ್ತ ಹತ್ತಿಯ ಹೊಲಗಳು ಕಬ್ಬಿನ ಗದ್ದೆಗಳಾದವು, ರೈತರ ಸಹಕಾರಿ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದವು. ಕಬ್ಬು ಕಡಿಯಲು ಸಾವಿರಾರು ಕೈಗಳು ಬೇಕಾದವು. ಊರಿನಲ್ಲಿ ಹಳಪತಿಗಳು ಕೆಲಸವಿಲ್ಲದೆ ಕುಳಿತಿದ್ದರು. ಆದರೂ ಕಾರ್ಖಾನೆಗಳು ತಮ್ಮ ಮುಕಾದಮರನ್ನು ಕಳುಹಿಸಿದ್ದು ನೂರಾರು ಕಿಲೋಮೀಟರ್ ದೂರದ ಮಹಾರಾಷ್ಟ್ರದ ಖಾಂದೇಶಕ್ಕೆ! ಅಲ್ಲಿನ ಒಣಭೂಮಿಯ ಬಡವರು ಮುಂಗಡ ಹಣ ಪಡೆದು, ಹೆಂಡತಿ ಮಕ್ಕಳೊಂದಿಗೆ ಬಂದು, ಗದ್ದೆಯ ಬದಿಯಲ್ಲಿ ಗುಡಾರ ಹಾಕಿ ಆರೇಳು ತಿಂಗಳು ಕಬ್ಬು ಕಡಿದರು. ಅದೇ ತಿಂಗಳುಗಳಲ್ಲಿ ಬಾರ್ಡೋಲಿಯ ಹಳಪತಿಗಳು ಮುಂಬೈ ಸುತ್ತಲಿನ ಇಟ್ಟಿಗೆ ಗೂಡುಗಳಿಗೆ, ಉಪ್ಪಿನ ಆಗರಗಳಿಗೆ ವಲಸೆ ಹೊರಟರು.

ಒಂದು ಊರಿನ ಕೂಲಿಯನ್ನು ಹೊರಗಟ್ಟಿ, ಇನ್ನೊಂದು ಊರಿನ ಕೂಲಿಯನ್ನು ಒಳತರುವ ಈ ವಿಚಿತ್ರ ವ್ಯವಸ್ಥೆಯೇಕೆ? ಬ್ರೆಮನ್ ನೀಡಿದ ಉತ್ತರವನ್ನು ನಾವು ಚೆನ್ನಾಗಿ ಮನನ ಮಾಡಬೇಕಾಗಿದೆ. ಮನೆ, ಬಂಧು ಬಳಗ, ಮತ, ನಾಯಕ, ಜಗಳಕ್ಕೆ ನಿಲ್ಲುವ ನೆರೆಹೊರೆ ಇವೆಲ್ಲವೂ ಸ್ಥಳೀಯನಿಗೆ ಇವೆ. ಮಧ್ಯರಾತ್ರಿ ಲಾರಿ ತುಂಬಲು ಕರೆದರೆ ಆತ ಬರಲಾರ. ಪರವೂರಿನವನಿಗೆ ಇದಾವುದೂ ಇಲ್ಲ. ಕರೆದಾಗ ಏಳುತ್ತಾನೆ. ಹಂಗಾಮಿನುದ್ದಕ್ಕೂ ಅವನ ಕೈಗೆ ಸಿಗುವುದು ಜೀವ ಹಿಡಿದಿಡುವಷ್ಟು ಮಾತ್ರ. ಉಳಿದದ್ದರ ಲೆಕ್ಕ ಮುಂಗಡವನ್ನು ಕಳೆದ ಮೇಲೆ ಕೊನೆಯಲ್ಲಿ. ಆದ್ದರಿಂದ ನಡುವೆ ಓಡಿಹೋಗಲೂ ಆಗದು. ಅಂದರೆ ವಲಸಿಗನನ್ನು ಕರೆತರುವುದು ಕೈಗಳ ಕೊರತೆಯಿಂದಲ್ಲ, ಪ್ರಶ್ನಿಸದ ಕೈಗಳ ಆಸೆಯಿಂದ.

ಕಬ್ಬಿನ ಕೂಲಿಯ ಈ ಘಟಕಕ್ಕೆ ಅಲ್ಲಿ ‘ಕೊಯ್ತಾ’ ಎನ್ನುತ್ತಾರೆ. ಅದು ಕಬ್ಬು ಕಡಿಯುವ ಮಚ್ಚಿನ ಹೆಸರು. ಗಂಡ ಹೆಂಡತಿ ಸೇರಿ ಲೆಕ್ಕದ ಪುಸ್ತಕದಲ್ಲಿ ಒಂದು ಮಚ್ಚು! ಮನುಷ್ಯರನ್ನು ಹತ್ಯಾರಿನ ಹೆಸರಿನಿಂದ ಎಣಿಸಿದರೆ ಅದರ ಬೆಲೆಯನ್ನು ಯಾರು ತೆರುತ್ತಾರೆಂಬುದಕ್ಕೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯೇ ಸಾಕ್ಷಿ. 2019ರಲ್ಲಿ ಆ ರಾಜ್ಯದ ಸರಕಾರ ನೇಮಿಸಿದ ಸಮಿತಿಯ ಮುಂದೆ ಬಂದ ಸಮೀಕ್ಷೆಯಲ್ಲಿ ಕಬ್ಬು ಕಡಿಯುವ 82,309 ಮಹಿಳೆಯರ ಪೈಕಿ 13,861 ಮಂದಿಯ ಗರ್ಭಕೋಶವನ್ನು ತೆಗೆಯಲಾಗಿತ್ತು. ಒಂದು ದಿನ ಕೆಲಸ ತಪ್ಪಿದರೂ ಮುಕಾದಮನಿಗೆ ದಂಡ ತೆರಬೇಕಾದ ಹೆಣ್ಣಿಗೆ ತಿಂಗಳ ನೋವೂ ನಷ್ಟದ ಬಾಬ್ತು. ಬೀಡ್‌ನ ಈ ತಂಡಗಳು ನಮ್ಮ ಬೆಳಗಾವಿ ಕಡೆಯ ಗದ್ದೆಗಳಿಗೂ ಬರುತ್ತವೆ.

ಬ್ರೆಮನ್ ಗದ್ದೆಯಲ್ಲೇ ನಿಲ್ಲಲಿಲ್ಲ. ಹಳ್ಳಿ ಬಿಟ್ಟ ಕೂಲಿಯ ಬೆನ್ನು ಹಿಡಿದು ನಗರಕ್ಕೆ ಬಂದರು. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿಯ ಧ್ವಂಸದ ಬಳಿಕ ಸೂರತ್‌ನಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸಾಚಾರದ ಕುರಿತು 1993ರಲ್ಲೇ ಬರೆದರು. ಅಹ್ಮದಾಬಾದಿನ ಬಟ್ಟೆ ಗಿರಣಿಗಳು ಮುಚ್ಚಿ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದುದಕ್ಕೂ 2002ರ ನರಮೇಧಕ್ಕೂ ಇರುವ ಸಂಬಂಧವನ್ನು ಅವರು ತೋರಿಸಿದರು. ಒಂದೇ ಗಿರಣಿ, ಒಂದೇ ಸಂಘದಲ್ಲಿದ್ದ ಹಿಂದೂ ಮತ್ತು ಮುಸ್ಲಿಮ್ ಕಾರ್ಮಿಕರನ್ನು ಕೆಲಸದ ನಾಶ ಬೇರ್ಪಡಿಸಿತು. ಅಳಿದುಳಿದ ಕೂಲಿಗಾಗಿ ಅವರು ಜಾತಿ ಮತದ ಗೋಡೆಗಳ ಹಿಂದಿನಿಂದ ಸೆಣಸುವಂತಾಯಿತು. ಗಲಭೆಗಳನ್ನು ಬರೇ ಭಾಷಣಗಳ ಫಲವೆಂದು ತಿಳಿಯುವ ನಮ್ಮ ವೇದಿಕೆಗಳು ಈ ವಿಶ್ಲೇಷಣೆಯನ್ನು ಓದಬೇಕು.

ಯಾಕೆಂದರೆ ಇಂದು ಬೇರು ಕಳೆದುಕೊಂಡ ಕಾರ್ಮಿಕನಿಗೆ ಹೊಸದೊಂದು ಹೆಸರನ್ನು ಅಂಟಿಸಲಾಗುತ್ತಿದೆ. 2025ರ ಜುಲೈಯಲ್ಲಿ ಗುರುಗ್ರಾಮದಲ್ಲಿ ಬಂಗಾಳಿ ಮಾತನಾಡುವ ಕೂಲಿಗಳನ್ನು ‘ಬಾಂಗ್ಲಾದೇಶಿ’ಗಳೆಂಬ ಶಂಕೆಯ ಮೇಲೆ ಹಿಡಿದು ಕೂಡಿಹಾಕಲಾಯಿತು. ದಾಖಲೆ ನೋಡಿ ಅನೇಕರನ್ನು ಬಿಟ್ಟರು ನಿಜ, ಆದರೆ ಭಯದಿಂದ ಊರಿಗೆ ಓಡಿದವರ ಕೂಲಿಯ ಬಾಕಿಯನ್ನು ಕೊಟ್ಟವರಾರು? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದುಡಿಯುವ ಅಸ್ಸಾಮಿನವರ ಮೇಲೂ ಇದೇ ಕಣ್ಣು. ಪೌರತ್ವದ ಶಂಕೆಗೆ ಗುರಿಯಾದ ಕೂಲಿ, ಮಾಲಕನ ಪಾಲಿಗೆ ಇನ್ನೂ ಅಗ್ಗದ ಕೂಲಿ. ಬಾಕಿ ಕೇಳಿದರೆ ಠಾಣೆಯ ಹೆಸರೆತ್ತಿದರೆ ಸಾಕು.

ಕಾನೂನು ಇಲ್ಲವೆಂದಲ್ಲ. ಅಂತರ್‌ರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲೇ ಬಂತು. ಅದು ಜಾರಿಯಾದ ಪರಿಯನ್ನು 2020ರ ಲಾಕ್‌ಡೌನ್ ಬಯಲು ಮಾಡಿತು. ಎಷ್ಟು ವಲಸೆ ಕಾರ್ಮಿಕರು ಸತ್ತರೆಂಬ ಪ್ರಶ್ನೆಗೆ, ತನ್ನ ಬಳಿ ಅಂಕಿ ಅಂಶವಿಲ್ಲವೆಂದು ಕೇಂದ್ರ ಸರಕಾರ ಆ ಸೆಪ್ಟೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಯಲ್ಲಿ ಆ ಕಾಯ್ದೆ ಈಗ ವಿಲೀನವಾಗಿದೆ. ಹಿಂದೆ ಐದು ಮಂದಿ ವಲಸೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದ ನಿಯಮಕ್ಕೆ ಈಗ ಹತ್ತು ಮಂದಿ ಬೇಕು. ಒಂಬತ್ತು ಮಂದಿಯನ್ನು ಇಟ್ಟುಕೊಂಡವನು ಸುರಕ್ಷಿತ.

ಮದ್‌ಯನಿನ ವೃದ್ಧ ಮತ್ತು ಪ್ರವಾದಿ ಮೂಸಾ(ಅ)ರ ವೃತ್ತಾಂತವನ್ನು ನಾವು ಜುಮಾ ಪ್ರವಚನಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಪ್ರಾಣಭಯದಿಂದ ಓಡಿಬಂದ, ಹಿಂದುಮುಂದಿಲ್ಲದ ಪರದೇಶಿ ಮೂಸಾ(ಅ). ಅವರಿಂದ ಏನು ಬೇಕಾದರೂ ಮಾಡಿಸಿಕೊಳ್ಳಬಹುದಿತ್ತು. ಆದರೆ ಕುರ್‌ಆನ್ ಹೇಳುವಂತೆ ಆ ವೃದ್ಧರು ಎಂಟು ವರ್ಷಗಳ ಅವಧಿಯನ್ನು ಸ್ಪಷ್ಟವಾಗಿ ಮುಂದಿಟ್ಟರು, ಹತ್ತಾಗಿಸುವ ಆಯ್ಕೆಯನ್ನು ದುಡಿಯುವವನಿಗೆ ಬಿಟ್ಟರು, ಕಷ್ಟಕ್ಕೆ ಗುರಿಪಡಿಸಲಾರೆನೆಂದು ಮಾತು ಕೊಟ್ಟರು. ಒಪ್ಪಂದಕ್ಕೆ ಅಲ್ಲಾಹನೇ ಸಾಕ್ಷಿಯಾದನು. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ಪ್ರತಿವಾದಿಯಾಗುವನೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಇಲ್ಲಿ ಕೂಲಿಕಾರನ ಧರ್ಮವನ್ನಾಗಲಿ ಊರನ್ನಾಗಲಿ ಕೇಳಿಲ್ಲ.

ಗಲ್ಫ್‌ನಲ್ಲಿ ಕಫೀಲನು ಪಾಸ್‌ಪೋರ್ಟ್ ಇಟ್ಟುಕೊಂಡನೆಂದು ಕಣ್ಣೀರಿಡುವ ಮನೆಗಳು ನಮ್ಮಲ್ಲಿವೆ. ಕೂಲಿಯವನ ಆಧಾರ್ ಕಾರ್ಡನ್ನು ‘ಜೋಪಾನಕ್ಕೆ’ ಎಂದು ಬೀರುವಿನಲ್ಲಿಡುವವರೂ ನಮ್ಮಲ್ಲಿದ್ದಾರೆ. ಮಗನ ನೋವನ್ನು ಬಲ್ಲವರಿಗೆ ಪರರ ಮಗನ ನೋವು ತಿಳಿಯದೇ? ಜಮಾಅತ್‌ಗಳು ಮನಸ್ಸು ಮಾಡಿದರೆ ತಮ್ಮ ಮಹಲ್ಲಾದಲ್ಲಿ ದುಡಿಯುವ ಎಲ್ಲ ಧರ್ಮದ ಹೊರ ರಾಜ್ಯದವರ ಪಟ್ಟಿ ಮಾಡಬಹುದು. ಮುಂಗಡ ಮತ್ತು ಕೂಲಿಯ ಲೆಕ್ಕವನ್ನು ಎರಡು ಪ್ರತಿಗಳಲ್ಲಿ ಬರೆಸಬಹುದು, ತಗಾದೆ ಬಂದಾಗ ಸಾಕ್ಷಿ ನಿಲ್ಲಬಹುದು. ನಿಕಾಹ್‌ಗೆ ದಫ್ತರ ಇಡುವ ನಮ್ಮ ಮಸೀದಿಗಳಿಗೆ ಇದು ಅಸಾಧ್ಯವೇನಲ್ಲ. ಜುಮಾದ ದಿನ ಹಿಂದಿನ ಸಾಲಿನಲ್ಲಿ ಸಿಮೆಂಟಿನ ಕೈಗಳೊಂದಿಗೆ ನಿಲ್ಲುವ ಆ ಹುಡುಗರಲ್ಲಿ ಕಳೆದ ವಾರದ ಕೂಲಿ ಯಾರಿಗೆ ಬಂದಿಲ್ಲವೆಂದು ಆಡಳಿತ ಸಮಿತಿಯವರು ಈ ಶುಕ್ರವಾರದಿಂದಲೇ ವಿಚಾರಿಸಬಹುದು.