ಬಿರುಕನ್ನು ಅರಿಯುವ ಬಿಲ್ಲೆಗಳು

ಅಡುಗೆಮನೆಯ ಗ್ಯಾಸ್ ಲೈಟರನ್ನು ಅದುಮಿದೊಡನೆ ಟಕ್ಕೆಂದು ಕಿಡಿ ಹಾರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದರೊಳಗಿನ ಸಣ್ಣ ಸುತ್ತಿಗೆಯೊಂದು ಪಿಂಗಾಣಿಯಂತಹ ತುಣುಕನ್ನು ಬಡಿಯುತ್ತದೆ. ಆ ಪೆಟ್ಟಿನಿಂದಲೇ ವಿದ್ಯುತ್ತು ಹುಟ್ಟುತ್ತದೆ. 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಸೋದರರು ಕೆಲವು ಹರಳುಗಳಲ್ಲಿ ಕಂಡುಹಿಡಿದ ಈ ಗುಣಕ್ಕೆ ಪೀಜೋವಿದ್ಯುತ್ತೆಂದು ಹೆಸರು. ಇದರ ವಿಲೋಮವೂ ಉಂಟು: ವೋಲ್ಟೇಜನ್ನು ಕೊಟ್ಟರೆ ಹರಳು ಹಿಗ್ಗುತ್ತದೆ, ಕುಗ್ಗುತ್ತದೆ.

ಹೀಗೆ ನುಡಿಯಲೂ ಕೇಳಲೂ ಬಲ್ಲ ವಸ್ತುವನ್ನು ತೆಳುವಾದ ಬಿಲ್ಲೆಗಳಾಗಿ ಮಾಡಿ ವಿಮಾನದ ಹೊರತಗಡಿಗೆ ಅಂಟಿಸಬಹುದು. ಒಂದು ಬಿಲ್ಲೆ ಕಂಪಿಸಿ ತಗಡಿನಲ್ಲಿ ಅಲೆಯನ್ನೆಬ್ಬಿಸುತ್ತದೆ. ಇನ್ನೊಂದು ಅದನ್ನು ಗ್ರಹಿಸುತ್ತದೆ. ತಗಡು ಸುಸ್ಥಿತಿಯಲ್ಲಿದ್ದಾಗ ದಾಖಲಿಸಿಟ್ಟ ಅಲೆಯೊಡನೆ ಇಂದಿನ ಅಲೆಯನ್ನು ಹೋಲಿಸಿದರೆ, ನಡುವೆ ಮೂಡಿದ ಬಿರುಕಿನ ಸುಳಿವು ದೊರೆಯುತ್ತದೆ.

ಇದರ ಅಗತ್ಯವೆಷ್ಟೆಂಬುದನ್ನು 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ನಡೆದ ದುರಂತವೇ ಹೇಳುತ್ತದೆ. ಅಲೋಹಾ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ 737 ವಿಮಾನವು 24,000 ಅಡಿ ಎತ್ತರದಲ್ಲಿದ್ದಾಗ ಅದರ ಮುಂಭಾಗದ ಛಾವಣಿಯೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಹೊರಕ್ಕೆ ಸೆಳೆಯಲ್ಪಟ್ಟು ಅಸುನೀಗಿದರು. 19 ವರ್ಷಗಳಲ್ಲಿ 89,000ಕ್ಕೂ ಹೆಚ್ಚು ಸಲ ಹಾರಿದ್ದ ಆ ವಿಮಾನದಲ್ಲಿ ತಗಡುಗಳ ಅಂಟು ಬಿಟ್ಟು, ರಿವೆಟ್ಟುಗಳ ಸಾಲಿನಲ್ಲಿ ಸಣ್ಣ ಸಣ್ಣ ಬಿರುಕುಗಳು ಮೂಡಿ ಒಂದಕ್ಕೊಂದು ಕೂಡಿಕೊಂಡಿದ್ದವು. ತಪಾಸಣೆಯಲ್ಲಿ ಅವು ಕಣ್ಣಿಗೆ ಬಿದ್ದಿರಲಿಲ್ಲ. ವಿಮಾನವನ್ನೇರುವಾಗ ಪ್ರಯಾಣಿಕರೊಬ್ಬರು ಒಂದು ಬಿರುಕನ್ನು ಕಂಡಿದ್ದರಂತೆ. ಆದರೆ ಯಾರಿಗೂ ಹೇಳಿರಲಿಲ್ಲ!

ಹಾಗಾದರೆ ಬಿಲ್ಲೆಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರೆ ಸಾಲದೆ ಎಂದು ಕೇಳಬಹುದು. ಸಾಲದೆಂದೇ ನಮ್ಮ ಅಭಿಪ್ರಾಯ. ಕಿವಿ ಚುರುಕಾದಷ್ಟೂ ಕೇಳಬಾರದ ಸದ್ದುಗಳೂ ಕೇಳುತ್ತವೆ. ತಗಡು ಬಿಸಿಯಾದರೆ ಅಲೆಯ ವೇಗ ಬದಲಾಗುತ್ತದೆ. ಕೆಲವೇ ಡಿಗ್ರಿಗಳ ವ್ಯತ್ಯಾಸವು ಪುಟ್ಟ ಬಿರುಕೊಂದರ ಗುರುತನ್ನು ಮರೆಮಾಡಬಲ್ಲದು. ಬಿಲ್ಲೆಯನ್ನು ಹಿಡಿದಿರುವ ಅಂಟು ಕಾಲಕ್ರಮದಲ್ಲಿ ಸಡಿಲವಾಗಬಹುದು. ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಸಂಯುಕ್ತದಿಂದ ಮಾಡಿದ ಬಿಲ್ಲೆಯಾದರೋ ಬಳಪದಂತೆ ಪೆಡಸು, ತಾನೇ ಸೀಳಬಹುದು. ಆಗ ಬರುವ ಸಂಕೇತವು ವಿಮಾನ ಕೆಟ್ಟಿದೆಯೆಂದೇ ತೋರೀತು. ಎರಡು ಮೂರು ಸಲ ಇಂತಹ ಸುಳ್ಳು ಎಚ್ಚರಿಕೆ ಬಂದರೆ, ನಾಲ್ಕನೆಯ ಸಲ ನಿಜವಾದ ಬಿರುಕಿನ ಸುದ್ದಿ ಬಂದಾಗ ಎಂಜಿನಿಯರು ಅದನ್ನು ನಂಬುವರೆ?

ಆದುದರಿಂದ ಬಿಲ್ಲೆಯು ಮೊದಲು ತನ್ನ ಆರೋಗ್ಯವನ್ನು ತಾನು ಹೇಳಬೇಕು. ಇದೇನೂ ಅಸಾಧ್ಯವಲ್ಲ. ಬಿಲ್ಲೆಯ ವಿದ್ಯುತ್ ಧಾರಕತೆಯನ್ನು ಅಳೆದರೆ ಸಾಕು: ಅಂಟು ಬಿಟ್ಟಿದ್ದರೆ ಆ ಅಳತೆ ಏರುತ್ತದೆ, ಬಿಲ್ಲೆ ಒಡೆದು ಚೂರು ಹೋಗಿದ್ದರೆ ಇಳಿಯುತ್ತದೆ. ಜೊತೆಗೆ ಬೇರೆ ಬೇರೆ ಉಷ್ಣತೆಗಳಲ್ಲಿ ಪಡೆದ ಮೂಲ ದಾಖಲೆಗಳಿದ್ದರೆ ಬಿಸಿಲಿನ ತೊಡಕೂ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಎಷ್ಟು ಕಿರಿದಾದ ಬಿರುಕನ್ನು ಕಂಡೆವೆಂಬುದನ್ನು ಸಂಶೋಧಕರು ಹೆಮ್ಮೆಯಿಂದ ಹೇಳಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಮಳೆಬಿಸಿಲಿನಲ್ಲಿ ವರ್ಷಗಳು ಕಳೆದ ಮೇಲೆ ತಮ್ಮ ಬಿಲ್ಲೆ ಎಷ್ಟು ಸಲ ಸುಳ್ಳು ಹೇಳಿತೆಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಖರ್ಚು ಹೆಚ್ಚೀತೆಂಬ ಆಕ್ಷೇಪಣೆ ಇಲ್ಲಿ ಅಷ್ಟಾಗಿ ಸಲ್ಲದು. ಅಲೆಯನ್ನು ಎಬ್ಬಿಸಲು ಬಿಲ್ಲೆಗೆ ಜೋಡಿಸಿದ ತಂತಿಯೇ ಈ ಅಳತೆಗೂ ಸಾಕು.